ಮಿಡ್ಲ್ ಇಂಗ್ಲಿಷ್ ಡಿಕ್ಷನರಿ: ಪಾಠ ಹೇಳುವವರ ದೃಷ್ಟಿಯಿಂದ

ಮಿಶಿಗನ್ ವಿಶ್ವವಿದ್ಯಾಲಯವು 1952ರಿಂದ 2001ರವರೆಗೆ ಕಂತುಗಳಲ್ಲಿ ಪ್ರಕಟಿಸಿ, ಈಗ ಅಂತರ್ಜಾಲದಲ್ಲಿ ಉಚಿತವಾಗಿ ಒದಗಿಸಿರುವ ಮಿಡ್ಲ್ ಇಂಗ್ಲಿಷಿನ, ಅಂದರೆ ಸುಮಾರು 1100ರಿಂದ 1500ರವರೆಗಿನ ಇಂಗ್ಲಿಷಿನ, ಈ ನಿಘಂಟು, ಭಾಷಾವಿಜ್ಞಾನವನ್ನೂ ಹದಿನಾಲ್ಕನೆಯ ಶತಮಾನದ ಇಂಗ್ಲಿಷ್ ಕವಿ ಚಾಸರ್‌ನ ಕಾಲದ ಸಾಹಿತ್ಯವನ್ನೂ ಒಟ್ಟಿಗೆ ಕಲಿಸುವ ಅಧ್ಯಾಪಕರಿಗೆ ಬಹಳ ಉಪಯುಕ್ತವಾದ ಸಾಧನ. ಪದಗಳ ಹಲವು ಬರಹರೂಪಗಳನ್ನೂ ಕಾಲಾನುಕ್ರಮದಲ್ಲಿ ಜೋಡಿಸಿದ ಪ್ರಯೋಗಗಳನ್ನೂ ಕೊಟ್ಟಿರುವುದರಿಂದ, 1066ರಲ್ಲಿ ಫ್ರಾನ್ಸಿನ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಫ್ರೆಂಚ್ ಪದಗಳು ಹೇಗೆ ಒಳಬಂದವು, ಅವುಗಳ ಅರ್ಥ ಹೇಗೆ ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು ವಿದ್ಯಾರ್ಥಿಗಳು ಉಲ್ಲೇಖಗಳನ್ನು ಓದಿ ತಾವೇ ಕಂಡುಕೊಳ್ಳಬಹುದು. ಸಿದ್ಧ ಟಿಪ್ಪಣಿಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಇದು ಎಷ್ಟೋ ಮೇಲು. ಕೊರತೆಗಳೂ ಇವೆ. ಉಲ್ಲೇಖಗಳಿಗೆ ಆಧುನಿಕ ಅನುವಾದವಿಲ್ಲ. ಆಕರಗ್ರಂಥಗಳ ಸಂಕ್ಷೇಪಗಳು ಹೊಸಬರನ್ನು ಕಂಗೆಡಿಸುತ್ತವೆ. ಧ್ವನಿವಿಜ್ಞಾನದ ಪಾಠಕ್ಕಂತೂ ಇದೊಂದೇ ಸಾಲದು, ಏಕೆಂದರೆ ದೀರ್ಘ ಸ್ವರಗಳ ಮೇಲೆ ಗೆರೆ ಎಳೆದಿದ್ದರೂ ಉಚ್ಚಾರಣೆಯನ್ನು ಧ್ವನಿಲಿಪಿಯಲ್ಲಿ ಕೊಟ್ಟಿಲ್ಲ. ಸ್ನಾತಕೋತ್ತರ ತರಗತಿಗಳಿಗೆ ಇದನ್ನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ಪದವಿಯ ಮೊದಲ ವರ್ಷದವರಿಗೆ ಅಧ್ಯಾಪಕರು ಪಕ್ಕದಲ್ಲಿದ್ದರೆ ಮಾತ್ರ.