ಬಾಯ್ಸ್ ಬ್ರಿಗೇಡ್ ಸದಸ್ಯತ್ವ: ಬೆಲ್ಟು ಬಿಚ್ಚಿಟ್ಟು ಎಷ್ಟೋ ಕಾಲವಾದ ಮೇಲಿನ ರಿವ್ಯೂ

ಐದಕ್ಕೆ ನಾಲ್ಕು ಸ್ಟಾರ್. ಒಂದನ್ನು ಸುಮ್ನೆ ಕಿತ್ತುಕೊಂಡಿಲ್ಲ, ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಈ ಸದಸ್ಯತ್ವದ ಬಗ್ಗೆ ಸೇರಿದ ವಾರದಲ್ಲೇ ರಿವ್ಯೂ ಬರೆದರೆ ಪ್ರಯೋಜನವಿಲ್ಲ. ಆಗ ಯಾವ ಹುಡುಗನನ್ನು ಕೇಳಿದರೂ ಕಾಲು ನೋವು, ಬೋರು, ಟೋಪಿ ತಲೆಗೆ ಒತ್ತುತ್ತೆ ಅಂತಲೇ ಹೇಳುತ್ತಾನೆ. ಇದು ಮೈಗೆ ಎಷ್ಟು ಹತ್ತಿದೆ ಅಂತ ತಿಳಿಯೋದು ಬಿಟ್ಟ ಎಷ್ಟೋ ವರ್ಷಗಳ ಮೇಲೆ. ತಲೆ ನರೆತ ನನ್ನಂಥವರು ಬರೆದರೇ ಅದಕ್ಕೊಂದು ಅರ್ಥ.

ಗೊತ್ತಿಲ್ಲದವರಿಗೆ ಒಂದಿಷ್ಟು ಹಿನ್ನೆಲೆ. ಬಾಯ್ಸ್ ಬ್ರಿಗೇಡ್ ಅಂದರೆ ಯೂನಿಫಾರ್ಮ್, ಡ್ರಿಲ್, ಬೈಬಲ್ ಕ್ಲಾಸ್ ಎಲ್ಲಾ ಇರುವ ಹುಡುಗರ ಕ್ರೈಸ್ತ ಸಂಸ್ಥೆ. 1883ರ ಅಕ್ಟೋಬರ್ 4ರಂದು ಗ್ಲಾಸ್ಗೋದಲ್ಲಿ ವಿಲಿಯಂ ಅಲೆಗ್ಸಾಂಡರ್ ಸ್ಮಿತ್ ಅನ್ನೋರು ಇದನ್ನು ಶುರು ಮಾಡಿದರು. ಅವರು ಸಂಡೇ ಸ್ಕೂಲ್ (ಭಾನುವಾರ ಮಕ್ಕಳಿಗೆ ಚರ್ಚು ನಡೆಸುವ ಬೈಬಲ್ ತರಗತಿ) ಟೀಚರ್, ಜೊತೆಗೆ ಸ್ವಯಂಸೇವಕ ಸೈನ್ಯದಲ್ಲಿ ಆಫೀಸರ್. ಆಗಿನ ಸಮಸ್ಯೆ ಏನಪ್ಪಾ ಅಂದರೆ, ಹನ್ನೆರಡು ಹದಿಮೂರು ದಾಟಿದ ಹುಡುಗರಿಗೆ ಸಂಡೇ ಸ್ಕೂಲ್ ಅಂದರೆ ಚಿಕ್ಕ ಮಕ್ಕಳ ಆಟ ಅನಿಸುತ್ತಿತ್ತು, ಕ್ರೈಸ್ತ ಯುವಕರ ಸಂಘವಾದ ವೈ.ಎಂ.ಸಿ.ಎ.ಗೆ ಹೋಗೋಣ ಅಂದರೆ ವಯಸ್ಸು ಸಾಲದು. ಆ ನಡುವಿನ ವರ್ಷಗಳಲ್ಲಿ ಅವರು ಕೈ ತಪ್ಪಿ ಹೋಗುತ್ತಿದ್ದರು. ಸ್ಮಿತ್ ತಮಗೆ ಗೊತ್ತಿದ್ದ ಡ್ರಿಲ್ಲನ್ನೇ ತಂದು ಆ ಜಾಗದಲ್ಲಿ ಇಟ್ಟರು. ಯೂನಿಫಾರ್ಮ್ ಕೂಡ ಜಾಸ್ತಿ ಏನಿಲ್ಲ. ಟೋಪಿ, ಬೆಲ್ಟು, ಹೆಗಲಿಗೊಂದು ಚೀಲ, ಇಷ್ಟನ್ನೇ ದಿನಾ ಹಾಕುವ ಬಟ್ಟೆಯ ಮೇಲೆ ಹಾಕಿಕೊಂಡರೆ ಆಯಿತು. ಬಡ ಮನೆಯ ಹುಡುಗನೂ ಸಾಲಿನಲ್ಲಿ ನಿಲ್ಲಬಹುದಿತ್ತು. ನನಗೆ ಈ ಸಂಸ್ಥೆಯಲ್ಲಿ ತುಂಬಾ ಹಿಡಿಸಿದ ಯೋಚನೆ ಇದೇ.

ಸ್ಕೌಟ್ಸ್‌ಗೂ ಇದಕ್ಕೂ ಏನು ಸಂಬಂಧ ಅಂತ ಜನ ಕೇಳುತ್ತಾರೆ. ಬ್ರಿಗೇಡ್ ಹಳೆಯದು. 1907ರಲ್ಲಿ ಸ್ಕೌಟ್ಸ್ ಶುರು ಮಾಡಿದ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಮೊದಲ ಪ್ರಯೋಗದ ಕ್ಯಾಂಪ್ ಹಾಕಿದಾಗ ಅಲ್ಲಿದ್ದವರಲ್ಲಿ ಬ್ರಿಗೇಡ್ ಹುಡುಗರೂ ಇದ್ದರು. ಆಮೇಲೆ ಹೆಸರು ಯಾರದು ದೊಡ್ಡದಾಯಿತು ಅಂತ ಹೇಳಬೇಕಾಗಿಲ್ಲ ಬಿಡಿ.

ಇನ್ನು ನನ್ನ ಅನುಭವಕ್ಕೆ ಬರೋಣ. ಮಾರ್ಚಿಂಗ್, ಬ್ಯೂಗಲ್, ಬ್ಯಾಡ್ಜು ಇವೆಲ್ಲ ಫೋಟೋದಲ್ಲಿ ಕಾಣುವ ಭಾಗ. ಬ್ಯಾಡ್ಜುಗಳು ಎಲ್ಲಿ ಹೋದವೋ ನನಗೇ ಗೊತ್ತಿಲ್ಲ. ಉಳಿದದ್ದು ಬೇರೆ. ತೋಳಿಗೆ ಒಂದು ಪಟ್ಟಿ ಹೊಲಿದು, ಐದಾರು ಚಿಕ್ಕ ಹುಡುಗರ ಸ್ಕ್ವಾಡನ್ನು ಕೈಗೆ ಕೊಟ್ಟು, "ಇವರು ನಿನ್ನವರು, ನೋಡ್ಕೋ" ಅಂದರಲ್ಲ, ಅದು ಉಳಿಯಿತು. ಮನೆಯಲ್ಲಿ ನಾನು ಕಿರಿಯವನು. ಅಲ್ಲಿಯವರೆಗೆ ನನ್ನನ್ನು ನಂಬಿ ಯಾರೂ ಏನೂ ಕೊಟ್ಟಿರಲಿಲ್ಲ. ಈಗ ಯಾರದಾದರೂ ಶೂ ಲೇಸ್ ಬಿಚ್ಚಿದ್ದರೆ ಇನ್‌ಸ್ಪೆಕ್ಷನ್‌ನಲ್ಲಿ ನನ್ನ ಸ್ಕ್ವಾಡಿಗೇ ಅಂಕ ಹೋಗುತ್ತಿತ್ತು. ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಹಾಜರಿ ಪುಸ್ತಕದಲ್ಲಿ ಬರೆಯೋದೂ ನಾನೇ, ಎರಡು ವಾರ ಬರದವನ ಮನೆಗೆ ಹೋಗಿ ವಿಚಾರಿಸೋದೂ ನಾನೇ.

ಕ್ಯಾಂಪಿನ ಒಂದು ರಾತ್ರಿ ನನ್ನ ಸ್ಕ್ವಾಡಿನ ಪುಟ್ಟ ಹುಡುಗ ಕಂಬಳಿ ಒಳಗೆ ಮುಖ ಹುದುಗಿಸಿ ಅಳುತ್ತಿದ್ದ. ಅಮ್ಮನ ನೆನಪು. ಉಳಿದವರಿಗೆ ಗೊತ್ತಾದರೆ ಬೆಳಗ್ಗೆ ಅಣಕಿಸುತ್ತಾರೆ ಅಂತ ಸದ್ದು ಬರದ ಹಾಗೆ ಬಾಯಿಗೆ ಕಂಬಳಿ ಒತ್ತಿಕೊಂಡಿದ್ದ. ಏನು ಹೇಳಬೇಕು ಅಂತ ನನಗೆ ಯಾರೂ ಕಲಿಸಿರಲಿಲ್ಲ. ಟೆಂಟಿನ ಗೂಟ ಸಡಿಲವಾಗಿದೆ, ಟಾರ್ಚ್ ಹಿಡಿಯೋಕೆ ಒಬ್ಬರು ಬೇಕು ಬಾ ಅಂತ ಹೊರಗೆ ಕರೆದುಕೊಂಡು ಹೋದೆ. ಗೂಟ ಗಟ್ಟಿಯಾಗೇ ಇತ್ತು. ಆದರೂ ಇಬ್ಬರೂ ಸೇರಿ ಟೆಂಟಿನ ಎಲ್ಲಾ ಗೂಟಕ್ಕೂ ಒಂದೊಂದು ಏಟು ಹಾಕಿದೆವು. ವಾಪಸ್ ಬಂದವನು ಹಾಗೇ ನಿದ್ದೆ ಹೋದ. ಕೆಲಸಕ್ಕೆ ಸೇರಿದ ಮೇಲೆ ಎಷ್ಟೋ ಸಲ, ಹೊಸಬರು ಯಾರಾದರೂ ಮುಖ ಚಿಕ್ಕದು ಮಾಡಿಕೊಂಡು ಕೂತಿದ್ದರೆ, ನಾನು ಏನಾಯಿತು ಅಂತ ಕೇಳೋದೇ ಇಲ್ಲ. ಏನಾದರೂ ಒಂದು ಕೆಲಸ ಹುಡುಕಿ ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ಪ್ರಥಮ ಚಿಕಿತ್ಸೆ ತರಗತಿಗೆ ಪೂರ್ತಿ ಅಂಕ. ತ್ರಿಕೋನದ ಬ್ಯಾಂಡೇಜ್, ಬಲದ ತುದಿ ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ, ಗಂಟು ಚಪ್ಪಟೆಯಾಗಿ ಕೂತರೆ ಸರಿ, ಇಲ್ಲದಿದ್ದರೆ ಬಿಚ್ಚಿ ಮತ್ತೆ ಕಟ್ಟು. ಬೈಕಿನಿಂದ ಬಿದ್ದವನ ಕೈಗೆ ದುಪಟ್ಟಾದಲ್ಲಿ ಜೋಳಿಗೆ ಕಟ್ಟಿದಾಗ ನನ್ನ ಬೆರಳುಗಳು ನನ್ನನ್ನು ಕೇಳಲೇ ಇಲ್ಲ. ಅಂದ ಹಾಗೆ, ಬ್ರಿಗೇಡಿನ ಲಾಂಛನದಲ್ಲಿ ಲಂಗರಿನ ಹಿಂದೆ ಒಂದು ಕೆಂಪು ಶಿಲುಬೆ ಇದೆಯಲ್ಲ, ಅದು ಮೊದಲು ಇರಲಿಲ್ಲ. ಆರಂಭದ ಕಾಲದಲ್ಲಿ ಹುಡುಗರು ನಕಲಿ ಬಂದೂಕು ಹಿಡಿದು ಡ್ರಿಲ್ ಮಾಡುತ್ತಿದ್ದರು. ಅದು ಬೇಡ, ಜೀವ ಉಳಿಸೋದನ್ನು ಕಲಿಸೋಣ ಅಂತ 1899ರಲ್ಲಿ ಬಾಯ್ಸ್ ಲೈಫ್ ಬ್ರಿಗೇಡ್ ಅಂತ ಬೇರೆ ಸಂಸ್ಥೆ ಹುಟ್ಟಿತು. 1926ರಲ್ಲಿ ಎರಡೂ ಒಂದಾದವು. ಕೆಂಪು ಶಿಲುಬೆ ಅವರ ಕಡೆಯಿಂದ ಬಂದದ್ದು. ನನ್ನನ್ನು ಕೇಳಿದರೆ ಬಂದೂಕು ಹೋಗಿ ಬ್ಯಾಂಡೇಜ್ ಬಂದದ್ದೇ ಈ ಸಂಸ್ಥೆಗೆ ಆದ ಒಳ್ಳೆಯ ಅಪ್‌ಡೇಟ್.

ದೇವರ ವಿಷಯ? ಅದನ್ನು ಬಿಟ್ಟು ಈ ರಿವ್ಯೂ ಮುಗಿಯೋದಿಲ್ಲ, ಹೆಸರಿಗೆ ಮಾತ್ರ ಕ್ರೈಸ್ತ ಸಂಸ್ಥೆ ಅಲ್ಲ ಇದು. ಲಂಗರ್ ಬಂದಿರೋದೇ ಬೈಬಲ್‌ನಿಂದ, ಇಬ್ರಿಯರಿಗೆ ಬರೆದ ಪತ್ರದ 6ನೇ ಅಧ್ಯಾಯ, 19ನೇ ವಚನ. ಬೈಬಲ್ ಕ್ಲಾಸ್, ಪ್ರಾರ್ಥನೆ, ಪೆರೇಡಿನ ಭಾನುವಾರ ಚರ್ಚಿನಲ್ಲಿ ಮುಂದಿನ ಬೆಂಚು, ಎಲ್ಲಾ ಇತ್ತು. ನನ್ನ ಜೊತೆಗಿದ್ದವರಲ್ಲಿ ಒಬ್ಬ ಪಾದ್ರಿಯಾದ, ಇನ್ನೊಬ್ಬ ಚರ್ಚಿನ ಕಡೆ ತಲೆ ಹಾಕಿಯೂ ಮಲಗೋದಿಲ್ಲ. ನಾನು ಇವರಿಬ್ಬರ ನಡುವೆ ಎಲ್ಲೋ ಇದ್ದೇನೆ. ನಂಬಿಕೆ ಕೆಲವು ಕಾಲ ಗಟ್ಟಿ, ಕೆಲವು ಕಾಲ ತೆಳು. ಆದರೆ ಆಸ್ಪತ್ರೆಯ ಕಾರಿಡಾರಿನಲ್ಲಿ ರಾತ್ರಿಯೆಲ್ಲಾ ಕೂತಾಗ ಬಾಯಿಗೆ ಬಂದದ್ದು ಆಗ ಉರು ಹೊಡೆದ ಕೀರ್ತನೆಯೇ. ಅರ್ಥ ಆಗದ ವಯಸ್ಸಿನಲ್ಲಿ ಬಾಯಿಪಾಠ ಮಾಡಿಸೋದು ತಪ್ಪು ಅನ್ನುವವರ ಜೊತೆ ಈಗ ನಾನು ವಾದಕ್ಕೆ ಹೋಗೋದಿಲ್ಲ, ಆದರೆ ಒಪ್ಪುವುದೂ ಇಲ್ಲ.

ಈಗ ಆ ಕಿತ್ತ ಸ್ಟಾರ್. ಬ್ರಿಗೇಡಿನ ಧ್ಯೇಯದಲ್ಲಿ ಶಿಸ್ತು, ಭಕ್ತಿ, ಸ್ವಾಭಿಮಾನ ಮೊದಲಿನಿಂದ ಇವೆ. ವಿಧೇಯತೆ ಇರಲಿಲ್ಲ, ಅದನ್ನು ಸೇರಿಸಿದ್ದು 1893ರಲ್ಲಿ. ನನ್ನ ಕಾಲದ ಒಬ್ಬ ಆಫೀಸರ್‌ಗೆ ಉಳಿದದ್ದೆಲ್ಲ ಮರೆತು ಅದೊಂದೇ ನೆನಪಿತ್ತು. ಪ್ರಶ್ನೆ ಕೇಳಿದರೆ ಎದುರು ಮಾತು. ಕಾಲು ಸ್ವಲ್ಪ ಎಳೆದು ನಡೆಯುತ್ತಿದ್ದ ಹುಡುಗನನ್ನು ಸಾಲು ಕೆಡುತ್ತೆ ಅಂತ ಪೆರೇಡಿಗೆ ಸೇರಿಸದೆ ಚೀಲ ಕಾಯೋಕೆ ಕೂರಿಸಿದರು. ಯಾರೂ ಬಾಯಿ ಬಿಡಲಿಲ್ಲ, ಬಾಯಿ ಬಿಡಬಾರದು ಅಂತಲೇ ನಮ್ಮನ್ನು ತಯಾರು ಮಾಡಿದ್ದರಲ್ಲ. ಅವನು ಮುಂದಿನ ವರ್ಷ ಬರಲಿಲ್ಲ. ಮೇಲಿನವರು ಹೇಳಿದ್ದಕ್ಕೆ ತಕ್ಷಣ "ಯೆಸ್ ಸರ್" ಅನ್ನುವ ಅಭ್ಯಾಸ ಬಿಡಿಸಿಕೊಳ್ಳೋಕೆ ನನಗೆ ಅರ್ಧ ವಯಸ್ಸು ಬೇಕಾಯಿತು. ಇದೂ ಜೀವನಪೂರ್ತಿ ಬರುವ ಪ್ರಭಾವವೇ, ಬ್ರೋಷರಿನಲ್ಲಿ ಮಾತ್ರ ಹಾಕೋದಿಲ್ಲ.

ಹುಡುಗಿಯರಿಗೆ ಬೇರೆ ಗರ್ಲ್ಸ್ ಬ್ರಿಗೇಡ್ ಇದೆ, ಮೂರು ಹಳೆಯ ಸಂಸ್ಥೆಗಳು ಸೇರಿ 1965ರಲ್ಲಿ ಆದದ್ದು.

ಮಗನನ್ನು ಸೇರಿಸಬೇಕು ಅಂತಿದ್ದರೆ ಸಂಸ್ಥೆಯ ಹೆಸರು ನೋಡಿ ಸೇರಿಸಬೇಡಿ, ಆ ಕಂಪನಿಯ (ಬ್ರಿಗೇಡಿನ ಸ್ಥಳೀಯ ಘಟಕಕ್ಕೆ ಹಾಗನ್ನುತ್ತಾರೆ) ಕ್ಯಾಪ್ಟನ್ ಯಾರು ಅಂತ ನೋಡಿ. ಒಂದು ಸಂಜೆ ಹೋಗಿ ಹಿಂದೆ ಕೂತುಕೊಳ್ಳಿ. ಸಾಲು ನೇರ ಇದೆಯಾ ಅನ್ನೋದು ಮುಖ್ಯ ಅಲ್ಲ. ಡ್ರಿಲ್ ಮುಗಿದ ಮೇಲೆ ಹುಡುಗರು ಆಫೀಸರ್ ಹತ್ತಿರ ಓಡುತ್ತಾರಾ, ಅವರಿಂದ ದೂರ ಓಡುತ್ತಾರಾ ಅಂತ ಗಮನಿಸಿ. ಕ್ಯಾಂಪಿಗೆ ಯಾರು ಯಾರು ದೊಡ್ಡವರು ಬರುತ್ತಾರೆ, ರಾತ್ರಿ ವ್ಯವಸ್ಥೆ ಹೇಗೆ, ತೊಂದರೆ ಆದರೆ ಹುಡುಗ ಯಾರಿಗೆ ಹೇಳಬೇಕು, ಇಷ್ಟನ್ನು ನೇರವಾಗಿ ಕೇಳಿ. ಬೇಜಾರು ಮಾಡಿಕೊಳ್ಳದೆ ಉತ್ತರ ಕೊಡುವ ಕ್ಯಾಪ್ಟನ್ ಸಿಕ್ಕರೆ ಫಾರ್ಮ್ ತುಂಬಿ. ಟೋಪಿ ಮಾತ್ರ ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳಿ, ನಿಜವಾಗಲೂ ಒತ್ತುತ್ತೆ.