ಲಂಡನ್‌ಗೆ ಎರಡು ಸಲ: ಬಸ್ಸಾ, ಟ್ರೈನಾ, ನಡಿಗೆಯಾ?

ನಮ್ಮ ಪಕ್ಕದ ಮನೆ ಹುಡುಗಿ ಈ ಸೆಪ್ಟೆಂಬರ್‌ಗೆ ಬರ್ಮಿಂಗ್‌ಹ್ಯಾಮ್‌ಗೆ ಓದಲು ಹೊರಟಿದ್ದಾಳೆ. ನಾನೂ ಅಲ್ಲೇ ಒಂದು ವರ್ಷ ಓದಿ ಬಂದವಳು. ಹಾಗಾಗಿ ದಿನಾ ಸಂಜೆ ನೋಟ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬರುತ್ತಾಳೆ. ಕುಕ್ಕರ್ ಒಯ್ಯಬೇಕಾ, ಜರ್ಕಿನ್ ಇಲ್ಲೇ ತಗೊಳ್ಳಲಾ ಅನ್ನೋದೆಲ್ಲ ಮುಗಿದ ಮೇಲೆ ಮೊನ್ನೆ ಕೇಳಿದಳು: "ಅಕ್ಕಾ, ಶನಿವಾರ ಭಾನುವಾರ ಲಂಡನ್ ನೋಡ್ಕೊಂಡು ಬರಕ್ಕೆ ಯಾವುದು ಒಳ್ಳೇದು? ಬಸ್ಸಾ, ಟ್ರೈನಾ?"

ಚಿಕ್ಕಬಳ್ಳಾಪುರದಿಂದ ಮೆಜೆಸ್ಟಿಕ್‌ಗೆ ಹೋಗೋ ವಿಷಯವಾಗಿದ್ದರೆ ಒಂದೇ ಮಾತಲ್ಲಿ ಹೇಳಿಬಿಡುತ್ತಿದ್ದೆ. ಇದಕ್ಕೆ ಪೂರ್ತಿ ಒಂದು ಸಂಜೆ ಹಿಡಿಯಿತು. ನಾನು ಲಂಡನ್‌ಗೆ ಎರಡು ಸಲ ಹೋಗಿದ್ದೆ. 2022ರ ನವೆಂಬರ್‌ನಲ್ಲಿ ಒಮ್ಮೆ, 2023ರ ಜೂನ್‌ನಲ್ಲಿ ಇನ್ನೊಮ್ಮೆ. ಮೊದಲ ಸಲ ಮಾಡಿದ್ದನ್ನೆಲ್ಲ ಎರಡನೇ ಸಲ ಬೇಕಂತಲೇ ಬೇರೆ ಥರ ಮಾಡಿದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಡೆಯಿಂದ ಹೋಗೋ ಬೇರೆ ಮಕ್ಕಳಿಗೂ ಆಗಲಿ ಅಂತ.

ಮೊದಲು ಹೋಗಿ ಬರುವ ದಾರಿ. ಬರ್ಮಿಂಗ್‌ಹ್ಯಾಮ್‌ನಿಂದ ಲಂಡನ್‌ಗೆ ಸುಮಾರು 190 ಕಿಲೋಮೀಟರ್. ಡಿಗ್ಬೆತ್ ಬಸ್ ಸ್ಟ್ಯಾಂಡ್‌ನಿಂದ ಹೊರಡುವ ಬಸ್ಸು ಮೂರು ಗಂಟೆಯಲ್ಲಿ ಲಂಡನ್ನಿನ ವಿಕ್ಟೋರಿಯಾ ಕೋಚ್ ಸ್ಟೇಷನ್ ತಲುಪಿಸುತ್ತದೆ. ಮುಂಚೆಯೇ ಬುಕ್ ಮಾಡಿದ್ದರಿಂದ ಹೋಗಿ ಬರಲು ನನಗೆ 14 ಪೌಂಡ್ ಆಯಿತು. ಆಗ ಒಂದು ಪೌಂಡ್ ಅಂದರೆ ಹತ್ತಿರ ಹತ್ತಿರ ನೂರು ರೂಪಾಯಿ. ಟ್ರೈನಿಗಿಂತ ಇದೇ ಅಗ್ಗ ಅಂತ ಖುಷಿಯಾಗಿತ್ತು. ವಾಪಸ್ ಬರುವಾಗ ಊರು ದಾಟುವಷ್ಟರಲ್ಲೇ ಟ್ರಾಫಿಕ್. ಡಿಗ್ಬೆತ್‌ನಲ್ಲಿ ಇಳಿದಾಗ ರಾತ್ರಿ ಹನ್ನೆರಡೂವರೆ. ರೂಮಿನ ಕಡೆಗೆ ಹೋಗುವ ಬಸ್ಸು ನಿಂತುಹೋಗಿತ್ತು. ಟ್ಯಾಕ್ಸಿಗೆ 11 ಪೌಂಡ್ ಕೊಟ್ಟೆ. ಅಲ್ಲಿಗೆ ಬಸ್ಸಿನ ಲೆಕ್ಕ 25 ಆಯಿತು.

ಎರಡನೇ ಸಲ ಟ್ರೈನು. ನ್ಯೂ ಸ್ಟ್ರೀಟ್ ಸ್ಟೇಷನ್‌ನಿಂದ ಲಂಡನ್ನಿನ ಯೂಸ್ಟನ್‌ಗೆ ವೇಗದ ಟ್ರೈನು ಒಂದೂವರೆ ಗಂಟೆಯೊಳಗೇ ಹೋಗುತ್ತದೆ, ಆದರೆ ದುಬಾರಿ. ಅದೇ ದಾರಿಯಲ್ಲಿ ನಿಂತು ನಿಂತು ಹೋಗುವ ಟ್ರೈನು ಎರಡು ಗಂಟೆ ಮೇಲೆ ತಗೊಳ್ಳುತ್ತದೆ. ಮೂರನೇದು ಬರ್ಮಿಂಗ್‌ಹ್ಯಾಮ್‌ನ ಇನ್ನೊಂದು ಸ್ಟೇಷನ್ ಮೂರ್ ಸ್ಟ್ರೀಟ್‌ನಿಂದ ಲಂಡನ್ನಿನ ಮೇರಿಲಬೋನ್‌ಗೆ, ಸುಮಾರು ಎರಡು ಗಂಟೆ. ನಾನು ಹಿಡಿದದ್ದು ಈ ಮೂರನೇದನ್ನು. ರೈಲ್‌ಕಾರ್ಡ್ ಇದ್ದಿದ್ದರಿಂದ ಟಿಕೆಟ್‌ನಲ್ಲಿ ಮೂರನೇ ಒಂದು ಭಾಗ ಕಡಿಮೆಯಾಗಿ, ಹೋಗಿ ಬರಲು 24 ಪೌಂಡ್. 16ರಿಂದ 25 ವಯಸ್ಸಿನವರಿಗೆ ಈ ಕಾರ್ಡ್ ಸಿಗುತ್ತದೆ. ವಯಸ್ಸು ಅದಕ್ಕಿಂತ ಜಾಸ್ತಿ ಇದ್ದರೂ ಫುಲ್ ಟೈಮ್ ಓದುತ್ತಿದ್ದರೆ ಕಾಲೇಜಿನ ದೃಢೀಕರಣ ಕೊಟ್ಟು ಮಾಡಿಸಬಹುದು. ಹೋದ ಮೊದಲ ವಾರದಲ್ಲೇ ಮಾಡಿಸಬೇಕು, ವರ್ಷ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಒಂದು ಎಚ್ಚರಿಕೆ: ಭಾನುವಾರ ಹಳಿ ರಿಪೇರಿ ಇಟ್ಟುಕೊಳ್ಳೋದು ಅಲ್ಲಿ ಮಾಮೂಲು. ಟಿಕೆಟ್ ಮಾಡುವ ಮುಂಚೆ ಆ ದಿನ ಟ್ರೈನು ಓಡುತ್ತದಾ ಅಂತ ನೋಡಿಕೊಳ್ಳಲೇಬೇಕು.

ನನ್ನ ತೀರ್ಮಾನ ಟ್ರೈನೇ. ಒಂದು ಕಡೆಗೆ ಒಂದು ಗಂಟೆ ಉಳಿದರೂ ಎರಡು ದಿನದ ಪ್ರವಾಸದಲ್ಲಿ ಅದು ದೊಡ್ಡದು.

ಊರೊಳಗಿನ ಓಡಾಟಕ್ಕೆ ಬಂದರೆ, ಮೊದಲ ಸಲ ನಾವು ನಾಲ್ಕು ಜನ ಗೆಳತಿಯರು ಮೇಲೆ ಚಾವಣಿ ಇಲ್ಲದ ಟೂರಿಸ್ಟ್ ಬಸ್ ಹತ್ತಿದೆವು. ಎಲ್ಲಿ ಬೇಕಾದರೂ ಇಳಿದು, ಹಿಂದೆ ಬರುವ ಬಸ್ ಹತ್ತಬಹುದು. ಕಿವಿಗೆ ಇಯರ್‌ಫೋನ್, ಅದರಲ್ಲಿ ವಿವರಣೆ. ಒಬ್ಬೊಬ್ಬರಿಗೆ 36 ಪೌಂಡ್. ವಯಸ್ಸಾದ ಅಪ್ಪ ಅಮ್ಮ ಬಂದಾಗ ಇದು ನಿಜವಾಗಲೂ ಒಳ್ಳೇದು. ನಮಗೆ ಆಗಿದ್ದೇನಂದರೆ, ನವೆಂಬರ್‌ನಲ್ಲಿ ಅಲ್ಲಿ ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ನಾವು ಬಸ್ ಹತ್ತಿದ್ದೇ ಮಧ್ಯಾಹ್ನ ಒಂದಕ್ಕೆ. ಮೇಲೆ ಕೂತರೆ ಚಳಿಗೆ ಕೈ ಬೆರಳು ಮಡಚಲು ಆಗುತ್ತಿರಲಿಲ್ಲ. ಕೆಳಗೆ ಕೂತರೆ ಏನೂ ಕಾಣುತ್ತಿರಲಿಲ್ಲ. ಮೂರು ಕಡೆ ಇಳಿಯುವಷ್ಟರಲ್ಲಿ ಕತ್ತಲೆ.

ಜೂನ್‌ನಲ್ಲಿ ಅದೇ ಊರಿನಲ್ಲಿ ರಾತ್ರಿ ಒಂಬತ್ತಾದರೂ ಬೆಳಕು. ಬಸ್ಸು, ಟ್ರೈನು ಅನ್ನೋದಕ್ಕಿಂತ ಯಾವ ತಿಂಗಳು ಹೋಗಬೇಕು ಅನ್ನೋದೇ ದೊಡ್ಡ ಪ್ರಶ್ನೆ ಅಂತ ನನಗೆ ಆಗ ಗೊತ್ತಾಯಿತು.

ಆ ಸಲ ಟೂರಿಸ್ಟ್ ಬಸ್ಸಿನ ಬದಲು ಊರಿನವರು ಓಡಾಡುವ ಕೆಂಪು ಡಬಲ್ ಡೆಕ್ಕರ್ ಹತ್ತಿದೆ. ಟಿಕೆಟ್ ಆಗ 1.75 ಪೌಂಡ್ ಇತ್ತು. ಮೊದಲು ಬ್ಯಾಂಕ್ ಕಾರ್ಡನ್ನು ಬಸ್ಸಿನ ಯಂತ್ರಕ್ಕೆ ಮುಟ್ಟಿಸಿದಾಗಿನಿಂದ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಾಯಿಸಿದರೂ ಮತ್ತೆ ದುಡ್ಡಿಲ್ಲ. ದಿನವಿಡೀ ಬಸ್ಸಲ್ಲೇ ಸುತ್ತಿದರೂ 5.25 ದಾಟುತ್ತಿರಲಿಲ್ಲ. ಕೈಯಲ್ಲಿ ನೋಟು ಹಿಡಿದು ಹತ್ತಬೇಡಿ, 2014ರಿಂದಲೇ ಅಲ್ಲಿನ ಬಸ್ಸಲ್ಲಿ ನಗದು ತಗೊಳ್ಳುವುದಿಲ್ಲ. ಇಡೀ ದಿನ ಒಂದೇ ಕಾರ್ಡ್ ಬಳಸಬೇಕು. ಬೆಳಗ್ಗೆ ಒಂದು ಕಾರ್ಡ್, ಸಂಜೆ ಇನ್ನೊಂದು ಮುಟ್ಟಿಸಿದರೆ ಎರಡೂ ಲೆಕ್ಕ ಬೇರೆ ಬೇರೆ. ಟ್ರಾಫಲ್ಗರ್ ಸ್ಕ್ವೇರ್ ಹತ್ತಿರ 15ನೇ ನಂಬರ್ ಹತ್ತಿ ಮೇಲಿನ ಮಹಡಿಯ ಮುಂದಿನ ಸೀಟು ಹಿಡಿದೆ. ಫ್ಲೀಟ್ ಸ್ಟ್ರೀಟ್‌ನ ಇಕ್ಕಟ್ಟು ರಸ್ತೆ ದಾಟಿ ಏರು ಹತ್ತುತ್ತಿದ್ದಂತೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ ಎದುರಿಗೇ ಎದ್ದು ಬಂತು. ಅದೇ ಬಸ್ಸು ಟವರ್ ಆಫ್ ಲಂಡನ್ ಅನ್ನೋ ಹಳೇ ಕೋಟೆ ಹತ್ತಿರ ಇಳಿಸಿತು. 36 ಪೌಂಡ್ ಕೊಟ್ಟಾಗ ನೋಡಿದ ದಾರಿ ಇದೇ.

ನೋಡುವ ಜಾಗಗಳಲ್ಲಿ ಲಂಡನ್ ಐ ಅನ್ನೋ ಜೈಂಟ್ ವೀಲ್ ಬಗ್ಗೆ ಜಾಸ್ತಿ ಹೇಳಲ್ಲ. 135 ಮೀಟರ್ ಎತ್ತರ, ಅರ್ಧ ಗಂಟೆ ಸುತ್ತು, ನನಗೆ 30 ಪೌಂಡ್. ಫೆನ್‌ಚರ್ಚ್ ಸ್ಟ್ರೀಟ್‌ನ ಸ್ಕೈ ಗಾರ್ಡನ್‌ಗೆ, ಅಂದರೆ ಎತ್ತರದ ಕಟ್ಟಡದ ತುದಿಯಲ್ಲಿರುವ ತೋಟಕ್ಕೆ, ಮುಂಚೆಯೇ ಆನ್‌ಲೈನ್‌ನಲ್ಲಿ ಹೆಸರು ಹಾಕಿದರೆ ಪುಕ್ಕಟೆ, ನದಿ, ಸೇತುವೆ, ಟವರ್ ಎಲ್ಲ ಕಾಣುತ್ತದೆ. ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಕಾವಲುಗಾರರು ಬದಲಾಗೋದನ್ನು ನೋಡಬೇಕಂದರೆ ಶನಿವಾರ ಹೋಗಬೇಡಿ. ಸಾಮಾನ್ಯವಾಗಿ ಅದು ಸೋಮ, ಬುಧ, ಶುಕ್ರ, ಭಾನುವಾರ.

ನನಗೆ ನಿಜವಾಗಿ ಕಷ್ಟವಾದ ಹೋಲಿಕೆ ಟವರ್ ಆಫ್ ಲಂಡನ್ ಮತ್ತು ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂದು. ಟವರ್‌ಗೆ ಸ್ಟೂಡೆಂಟ್ ರಿಯಾಯಿತಿ ಕಳೆದೂ 27 ಪೌಂಡ್. ಮ್ಯೂಸಿಯಂಗೆ ಟಿಕೆಟ್ಟೇ ಇಲ್ಲ. ಟವರ್‌ನಲ್ಲಿ ರಾಜಮನೆತನದ ಕಿರೀಟವೊಂದರಲ್ಲಿ ಕೊಹಿನೂರ್ ಇದೆ. ಕಿರೀಟಗಳ ಮುಂದೆ ನಿಲ್ಲಲು ಬಿಡಲ್ಲ. ಕಾಲ ಕೆಳಗಿನ ಪಟ್ಟಿ ತಾನೇ ಸರಿಯುತ್ತದೆ, ಅದರ ಮೇಲೆ ನಿಂತರೆ ಕೆಲವು ಕ್ಷಣದಲ್ಲಿ ದಾಟಿಹೋಗುತ್ತೇವೆ. ಫೋಟೋ ತೆಗೆಯುವಂತಿಲ್ಲ. ನಾನು ಸುತ್ತಿ ಬಂದು ಇನ್ನೊಂದು ಸಲ ನಿಂತೆ. ಕಲ್ಲು ನಾನಂದುಕೊಂಡಿದ್ದಕ್ಕಿಂತ ಚಿಕ್ಕದು.

ಮ್ಯೂಸಿಯಂನಲ್ಲಿ ಟಿಪ್ಪುವಿನ ಹುಲಿ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಬ್ರಿಟಿಷರು ಒಯ್ದ ಮರದ ಹುಲಿ. ಗಾಜಿನ ಪೆಟ್ಟಿಗೆಯೊಳಗೆ ಹುಲಿ ಒಬ್ಬ ಬಿಳಿಯ ಸಿಪಾಯಿಯ ಮೇಲೆ ನಿಂತು ಕುತ್ತಿಗೆಗೆ ಹಲ್ಲು ಹಾಕಿದೆ. ಅವನದು ಕೆಂಪು ಕೋಟು, ಕಪ್ಪು ಟೋಪಿ, ಬಿಟ್ಟ ಕಣ್ಣು ಬಿಟ್ಟಂತೆಯೇ. ಹುಲಿಯ ಪಕ್ಕೆಯಲ್ಲಿ ಒಂದು ಬಾಗಿಲು, ಅದರ ಹಿಂದೆ ಬಾಜಾದ ಕೀಲಿಗಳ ಸಾಲು. ಹಿಡಿ ತಿರುಗಿಸಿದರೆ ಸಿಪಾಯಿಯ ಕೈ ಮೇಲೆ ಕೆಳಗೆ ಆಡುತ್ತದೆ, ಅವನ ಬಾಯಿಂದ ನರಳುವ ಶಬ್ದ ಬರುತ್ತದೆ. ನಾವು ಬೆಂಗಳೂರಿಗೆ ಹೋಗುವಾಗ ದಿನಾ ದಾಟುವ ದೇವನಹಳ್ಳಿಯಲ್ಲಿ ಹುಟ್ಟಿದವನು ಟಿಪ್ಪು. ನಂದಿ ಬೆಟ್ಟದ ಮೇಲಿನ ಅವನ ಬೇಸಿಗೆ ಅರಮನೆಯನ್ನು ಶಾಲೆಯ ಪಿಕ್‌ನಿಕ್‌ನಲ್ಲೇ ನೋಡಿದ್ದೆ. ಅವನ ಹುಲಿಯನ್ನು ನೋಡಲು ಅಷ್ಟು ದೂರ ಹೋಗಬೇಕಾಯಿತು. ಎದೆ ಭಾರವಾಗಿತ್ತು. ನಮ್ಮ ಮಕ್ಕಳು ಎರಡರಲ್ಲಿ ಒಂದೇ ನೋಡಲು ಸಾಧ್ಯ ಅಂದರೆ ಹುಲಿಯನ್ನೇ ನೋಡಲಿ. ಹೋಗುವ ಮುಂಚೆ ಆ ಗ್ಯಾಲರಿ ತೆರೆದಿದೆಯಾ ಅಂತ ಮ್ಯೂಸಿಯಂ ವೆಬ್‌ಸೈಟ್‌ನಲ್ಲಿ ಖಚಿತ ಮಾಡಿಕೊಳ್ಳಿ.

ಕಾಲ್ನಡಿಗೆಗೆ ಒಂದೇ ದಾರಿ ಹೇಳುತ್ತೇನೆ. ಪಾರ್ಲಿಮೆಂಟ್ ಕಡೆಯಿಂದ ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ ನದಿ ದಂಡೆಯಲ್ಲೇ ಬಲಕ್ಕೆ ತಿರುಗಿ ನಡೆಯಿರಿ. ಆಸ್ಪತ್ರೆಯ ಗೋಡೆ ಉದ್ದಕ್ಕೂ ಕೋವಿಡ್‌ನಲ್ಲಿ ಹೋದವರ ನೆನಪಿಗೆ ಕೈಯಲ್ಲೇ ಬರೆದ ಕೆಂಪು ಹೃದಯಗಳಿವೆ. ಕೆಲವು ಮಾಸಿ ಗುಲಾಬಿ ಬಣ್ಣಕ್ಕೆ ತಿರುಗಿವೆ, ಒಳಗೆ ಹೆಸರುಗಳು. ಲ್ಯಾಂಬೆತ್ ಸೇತುವೆ ಹತ್ತದೆ ಅದೇ ದಂಡೆಯಲ್ಲೇ ಇನ್ನೂ ಮುಂದೆ ಹೋದರೆ ಬಸವಣ್ಣನವರ ಪ್ರತಿಮೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿ ಅನಾವರಣ ಮಾಡಿದ್ದು. ನಾನು ಅಲ್ಲೇ ಬೆಂಚಿನ ಮೇಲೆ ಕೂತು ಚಪಾತಿಗೆ ಅಮ್ಮ ಕಳಿಸಿದ್ದ ಚಟ್ನಿಪುಡಿ ಹಾಕಿಕೊಂಡು ತಿಂದೆ. ಟೂರಿಸ್ಟ್ ಬಸ್ಸಿನ ವಿವರಣೆಯಲ್ಲಿ ಈ ಜಾಗದ ಹೆಸರನ್ನೇ ನಾನು ಕೇಳಿರಲಿಲ್ಲ.

ಉಳಿಯಲು ಮೊದಲ ಸಲ ಹಾಸ್ಟೆಲ್ಲು, 28 ಪೌಂಡ್, ಒಂದೇ ಕೋಣೆಯಲ್ಲಿ ಹತ್ತು ಜನ. ಎರಡನೇ ಸಲ ಈಸ್ಟ್ ಹ್ಯಾಮ್‌ನಲ್ಲಿ ಒಬ್ಬ ಸೀನಿಯರ್ ಅಕ್ಕನ ರೂಮು. ಆ ಬೀದಿಯಲ್ಲಿ ದೋಸೆ ಇಡ್ಲಿ ಧಾರಾಳವಾಗಿ ಸಿಗುತ್ತದೆ. ಪರಿಚಯದವರಿದ್ದರೆ ಸಂಕೋಚ ಬಿಟ್ಟು ಕೇಳಬೇಕು.

ಲೆಕ್ಕ ಕೂಡಿಸಿದರೆ ಊಟ ತಿಂಡಿ ಸೇರಿ ಮೊದಲ ಸಲ 141 ಪೌಂಡ್, ಎರಡನೇ ಸಲ 80. ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ನನಗೆ ಗಂಟೆಗೆ ಒಂಬತ್ತೂವರೆ ಪೌಂಡ್ ಸಿಗುತ್ತಿತ್ತು. ಮೊದಲ ಪ್ರವಾಸಕ್ಕೆ ಹದಿನೈದು ಗಂಟೆ ಅಂಗಡಿಯಲ್ಲಿ ನಿಂತ ದುಡ್ಡು ಹೋಯಿತು.

ಇಷ್ಟೆಲ್ಲ ಬರೆದುಕೊಂಡ ಮೇಲೆ ಹುಡುಗಿ ಪೆನ್ ಮುಚ್ಚದೆ ಇನ್ನೊಂದು ಕೇಳಿದಳು: "ಒಬ್ಬಳೇ ಹೋಗ್ಲಾ, ಫ್ರೆಂಡ್ಸ್ ಜೊತೆ ಹೋಗ್ಲಾ?" ಮೊದಲ ಸಲ ಜೊತೆಗೇ ಹೋಗು ಅಂದೆ. ಆ ರಾತ್ರಿ ಹನ್ನೆರಡೂವರೆಗೆ ಡಿಗ್ಬೆತ್‌ನಲ್ಲಿ ಇಳಿದಾಗ ನಾಲ್ಕು ಜನ ಇದ್ದೆವು, ಅದಕ್ಕೇ ಧೈರ್ಯ ಇತ್ತು. ಎರಡನೇ ಸಲ ಒಬ್ಬಳೇ ಹೋಗು. ಹುಲಿಯ ಮುಂದೆ ನಾನು ಮುಕ್ಕಾಲು ಗಂಟೆ ನಿಂತಿದ್ದೆ, "ಸಾಕು ಬಾರೇ" ಅನ್ನುವವರು ಯಾರೂ ಇರಲಿಲ್ಲ.