ಆಂಧ್ರದ ಅರಕು ಕಣಿವೆಗೆ ಹೋಗೋಣವಾ, ಮಡಿಕೇರಿಗಾ?

ಎರಡೂ ಕಡೆಯ ಅರೇಬಿಕಾ ಕಾಫಿಗೆ 2019ರಲ್ಲೇ ಜಿಐ ಟ್ಯಾಗ್ (ಆಯಾ ಜಾಗದ್ದೇ ವಿಶೇಷ ಬೆಳೆ ಅನ್ನುವ ಭೌಗೋಳಿಕ ಗುರುತು) ಸಿಕ್ಕಿದೆ. ಹಾಗಾಗಿ ಕಾಫಿ ವಿಷಯದಲ್ಲಿ ತಲೆ ಕೆಡಿಸಿಕೊಳ್ಳಬೇಡಿ.

ಬೆಂಗಳೂರಿನಿಂದ ಎರಡೇ ದಿನ ರಜೆ ಅಂದರೆ ಮಡಿಕೇರಿಯೇ ಸರಿ. ತೋಟದ ನಡುವೆ ಹೋಂಸ್ಟೇ, ಕಡಂಬುಟ್ಟು ಅನ್ನುವ ಅಕ್ಕಿ ಕಡುಬು, ಪಂದಿ ಕರಿ ಅನ್ನುವ ಹಂದಿ ಮಾಂಸದ ಅಡುಗೆ. ಮಾರ್ಚ್‌ನಲ್ಲಿ ಒಂದು ಮಳೆ ಬಿದ್ದರೆ ತೋಟವೆಲ್ಲ ಬೆಳ್ಳಗೆ ಹೂಬಿಟ್ಟು ಮಲ್ಲಿಗೆಯಂಥ ಘಮ. ಜುಲೈನಲ್ಲಿ ಮಾತ್ರ ಬೇಡ, ಛತ್ರಿಯೊಳಗೇ ಪ್ರವಾಸ ಮುಗಿಯುತ್ತದೆ.

ಅರಕುಗೆ ನಾಲ್ಕು ದಿನವಾದರೂ ಬೇಕು. ಆದರೆ ವಿಶಾಖಪಟ್ಟಣದಿಂದ ಬೆಳಿಗ್ಗೆ ಹೊರಡುವ ರೈಲಿದೆಯಲ್ಲ, ಅದಕ್ಕಾಗಿಯೇ ಹೋಗಬಹುದು! ಸುರಂಗ ಬಂದಾಗೆಲ್ಲ ಬೋಗಿ ತುಂಬಾ ಮಕ್ಕಳ ಕೂಗು, ಹೊರಬಿದ್ದರೆ ಕಣಿವೆ. ದೊಡ್ಡ ಗಾಜಿನ ಕಿಟಕಿಗಳ ವಿಸ್ಟಾಡೋಮ್ ಬೋಗಿಯ ಸೀಟು ಮುಂಚೆಯೇ ಬುಕ್ ಮಾಡಿ. ಬೊರ್ರಾ ಗುಹೆ ದಾರಿಯಲ್ಲೇ ಸಿಗುತ್ತದೆ. ಊರಲ್ಲಿ ಆದಿವಾಸಿ ಮ್ಯೂಸಿಯಂ, ಧಿಂಸಾ ಕುಣಿತ, ಬಿದಿರಿನ ಬೊಂಬಿನೊಳಗೆ ಕೆಂಡದ ಮೇಲೆ ಬೆಂದ ಕೋಳಿ. ಕರಕುಶಲದ ಆಸೆಯಿದ್ದರೆ ನನ್ನ ಓಟು ಅರಕುಗೇ. ಮಡಿಕೇರಿ ಪೇಟೆಯಲ್ಲಿ ಜೇನು, ಚಾಕೊಲೇಟ್ ಅಂಗಡಿಗಳೇ ಜಾಸ್ತಿ, ಅಲ್ವಾ?